ಮೂರೆಕರೆ ಹತ್ತು ಗುಂಟೆ

ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರು ‘ಕೋಟೆ, ಕೋಟೆ, ಕೋಟೆ’ ಎಂದು ಕೂಗಿದರೆ ಯಾವ ಕೋಟೆ ಎಂದು ಯಾರೂ ಕೇಳುವುದಿಲ್ಲ. ಹೆಗ್ಗಡದೇವನಕೋಟೆ ಎಂಬ ಪೂರ್ತಿ ಹೆಸರು ಸರ್ಕಾರಿ ಕಾಗದದಲ್ಲಿ ಕಾಣುತ್ತದೆಯೇ ಹೊರತು ಜನರ ಬಾಯಿಗೆ ಅಷ್ಟು ಉದ್ದದ ಹೆಸರು ಹೇಳುವ ಪುರಸೊತ್ತಿಲ್ಲ. ಪಕ್ಕದಲ್ಲೇ ‘ಕೇರ್ನಗರ’ದ ಬಸ್ಸು ನಿಂತಿರುತ್ತದೆ. ಕಾವೇರಿ ಉಕ್ಕಿದಾಗಲೆಲ್ಲ ಎಡತೊರೆಗೆ ಕಾಟವೆಂದು ಹೊಸ ಊರು ಕಟ್ಟಿ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿಟ್ಟರು. ಜನ ಮಹಾರಾಜರನ್ನು ಮೊದಲು ಎರಡು ಇಂಗ್ಲಿಷ್ ಅಕ್ಷರಕ್ಕೆ ಇಳಿಸಿ, ಆಮೇಲೆ ಆ ಎರಡನ್ನೂ ಒಂದಕ್ಕೊಂದು ಅಂಟಿಸಿಬಿಟ್ಟರು. ಇನ್ನು ಪಿರಿಯಾಪಟ್ಟಣ ನಮ್ಮ ಮನೆಯಲ್ಲಿ ಎಂದೆಂದಿಗೂ ‘ಪ್ರಿಯಾಪಟ್ಣ’. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ಕೂಡ ಪ್ರಿಯಪಟ್ಟಣ ಎಂದೇ ಬರೆದುಕೊಂಡದ್ದರಿಂದ ನಮ್ಮ ಅವ್ವನ ಉಚ್ಚಾರಣೆಗೆ ಇನ್ನೂರು ವರ್ಷದ ದಾಖಲೆ ಸಿಕ್ಕಂತಾಗಿದೆ.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಈ ಹೆಸರುಗಳನ್ನು ಕಂಪ್ಯೂಟರಿನಲ್ಲಿ ಹುಡುಕಿಸುವುದೇ ನನ್ನ ಹೊಟ್ಟೆಪಾಡು. ಮೈಸೂರಿನಲ್ಲಿ ಸಣ್ಣದೊಂದು ಸಾಫ್ಟ್‌ವೇರ್ ಅಂಗಡಿ. ಅಂಗಡಿ ಎಂದರೆ ಅಂಗಡಿಯೇ. ಕೆಳಗೆ ಜೆರಾಕ್ಸು, ಮೇಲೆ ನಾವು. ಹತ್ತಾರು ವರ್ಷದ ಹಿಂದೆ ನಮ್ಮ ಕಡೆಯ ರೈತರ ಗುಂಪುಗಳಿಗೆಂದು ಒಂದು ಲೆಕ್ಕದ ಪ್ರೋಗ್ರಾಂ ಬರೆದೆ. ಸದಸ್ಯರ ಹೆಸರು, ಜಮೀನು ಎಷ್ಟು, ಗೊಬ್ಬರ ಎಷ್ಟು ಮೂಟೆ ತಗೊಂಡರು, ಸಾಲ ಎಷ್ಟು, ಕೊನೇ ಕಂತು ಯಾವಾಗ ಕಟ್ಟಿದರು, ಇಷ್ಟೇ. ಹುಣಸೂರಿನಲ್ಲಿ ಒಂದು ಗುಂಪು ತಗೊಂಡಿತು. ಅವರ ನೆಂಟರೊಬ್ಬರ ಮೂಲಕ ಪಿರಿಯಾಪಟ್ಟಣದಲ್ಲಿ ಒಂದು, ಆ ನೆಂಟರ ಬೀಗರ ಮೂಲಕ ಕೆ.ಆರ್. ನಗರದಲ್ಲಿ ಒಂದು, ಕಡೆಗೆ ಕೋಟೆಯಲ್ಲಿ ಒಂದು. ವ್ಯಾಪಾರ ಹಬ್ಬಿತು ಎಂದು ಹಿಗ್ಗಿದೆ. ಹಬ್ಬಿದ್ದು ತಾಪತ್ರಯ ಎಂದು ಗೊತ್ತಾಗಲು ಆರು ತಿಂಗಳು ಬೇಕಾಯಿತು.

ಗೊತ್ತಿಲ್ಲದವರಿಗೆ ಒಂದು ಮಾತು. ಡೇಟಾಬೇಸ್ ಎಂದರೆ ಕಂಪ್ಯೂಟರಿನ ಹೊಟ್ಟೆಯಲ್ಲಿರುವ ಖಾತೆಪುಸ್ತಕ. ಅದನ್ನು ಮಾತಾಡಿಸುವ ಭಾಷೆ ಎಸ್‌ಕ್ಯೂಎಲ್. ‘ಈ ಪುಸ್ತಕದಿಂದ, ತಾಲ್ಲೂಕು ಹುಣಸೂರು ಆಗಿರುವವರ ಹೆಸರು ತೆಗೆ’ ಎಂದು ಇಂಗ್ಲಿಷಿನಲ್ಲಿ ಗದರಿಸಿ ಹೇಳಿದಂತಿರುತ್ತದೆ. ಐಬಿಎಂ ಕಂಪನಿಯ ಸ್ಯಾನ್ ಹೊಸೆ ಪ್ರಯೋಗಾಲಯದ ಎಡ್ಗರ್ ಕಾಡ್ ಎಂಬಾತ 1970ರಲ್ಲಿ ಲೆಕ್ಕವನ್ನೆಲ್ಲ ಅಡ್ಡಸಾಲು ಉದ್ದಸಾಲಿನ ಕೋಷ್ಟಕಗಳಲ್ಲಿ ಇಡಬಹುದೆಂದು ಒಂದು ಪ್ರಬಂಧ ಬರೆದ. ಅದೇ ಕಂಪನಿಯ ಡೊನಾಲ್ಡ್ ಚೇಂಬರ್ಲಿನ್, ರೇಮಂಡ್ ಬಾಯ್ಸ್ ಇಬ್ಬರೂ ಸೇರಿ 1974ರಲ್ಲಿ ಅದಕ್ಕೊಂದು ಭಾಷೆ ಕಟ್ಟಿ ‘ಸೀಕ್ವೆಲ್’ ಎಂದು ಹೆಸರಿಟ್ಟರು. ಆ ಹೆಸರು ಬ್ರಿಟನ್ನಿನ ವಿಮಾನ ಕಂಪನಿಯೊಂದರ ಸ್ವತ್ತೆಂದು ಗೊತ್ತಾಗಿ ಮಧ್ಯದ ಸ್ವರ ಕಿತ್ತು ಎಸ್‌ಕ್ಯೂಎಲ್ ಮಾಡಿದರು. ಹೀಗೆ ಈ ಭಾಷೆಯ ನಾಮಕರಣದಲ್ಲೇ ತಕರಾರು. ಇವತ್ತಿಗೂ ಅರ್ಧ ಜನ ಸೀಕ್ವೆಲ್ ಎನ್ನುತ್ತಾರೆ, ಅರ್ಧ ಜನ ಎಸ್‌ಕ್ಯೂಎಲ್ ಎನ್ನುತ್ತಾರೆ. ಪಿರಿಯಾಪಟ್ಟಣದವನಾದ ನನ್ನ ಸಹಪಾಠಿಯೊಬ್ಬ ‘ಸೀಕ್ವಲ್ಲು’ ಎನ್ನುತ್ತಾನೆ. ಅದೇ ಸರಿ ಅನ್ನಿಸುತ್ತದೆ ನನಗೆ.

ಆಮೇಲೆ ಒಂದೊಂದು ಕಂಪನಿಯೂ ತನ್ನ ತನ್ನ ಖಾತೆಪುಸ್ತಕ ಮಾರತೊಡಗಿತು. ಒರಾಕಲ್‌ನವರು 1979ರಲ್ಲಿ ತಮ್ಮ ಮೊತ್ತಮೊದಲ ಸರಕನ್ನು ‘ಎರಡನೇ ಆವೃತ್ತಿ’ ಎಂದು ಕರೆದು ಮಾರಿದರಂತೆ. ಮೊದಲನೆಯದನ್ನು ಯಾರು ಕೊಳ್ಳುತ್ತಾರೆ ಎಂಬ ಅನುಮಾನ ಇದ್ದಿರಬೇಕು. ನಮ್ಮ ಕಡೆ ನಿನ್ನೆ ತೆರೆದ ಹೋಟೆಲಿಗೆ ಇವತ್ತೇ ‘ಹಳೇ ಹೆಸರಾಂತ’ ಎಂಬ ಬೋರ್ಡು ತೂಗುಹಾಕುವವರಿಗೆ ಇದು ಹೊಸದೇನಲ್ಲ. ಎಲ್ಲರೂ ಅವರವರ ಪಾಡಿಗೆ ಮಾತಾಡತೊಡಗಿದಾಗ 1986ರಲ್ಲಿ ಅಮೆರಿಕದ ಮಾನಕ ಸಂಸ್ಥೆ, ಮರುವರ್ಷ ಅಂತರರಾಷ್ಟ್ರೀಯ ಮಾನಕ ಸಂಸ್ಥೆ, ಇದೇ ಶುದ್ಧ ಎಸ್‌ಕ್ಯೂಎಲ್ ಎಂದು ಒಂದು ವ್ಯಾಕರಣ ಹೊರಡಿಸಿದವು. ಆ ವ್ಯಾಕರಣ ಈಗಲೂ ಬೆಳೆಯುತ್ತಲೇ ಇದೆ, ಓದಬೇಕೆಂದರೆ ಕಾಸು ಕೊಟ್ಟೇ ಕೊಳ್ಳಬೇಕು, ಅದನ್ನು ಪೂರ್ತಿಯಾಗಿ ಪಾಲಿಸುವವರು ಯಾರೂ ಇಲ್ಲ. ಪತ್ರಿಕೆಯ ಕನ್ನಡ ಇದ್ದಂತೆ: ಬೀದರಿನಿಂದ ಕೊಳ್ಳೇಗಾಲದವರೆಗೆ ಎಲ್ಲರಿಗೂ ಅರ್ಥವಾಗುತ್ತದೆ, ಯಾರ ಅಡಿಗೆಮನೆಯಲ್ಲೂ ಯಾರೂ ಅದನ್ನು ಆಡುವುದಿಲ್ಲ.

ನನ್ನ ನಾಲ್ಕು ಗಿರಾಕಿಗಳ ಅಡಿಗೆಮನೆಯೂ ನಾಲ್ಕು ತರ. ಹುಣಸೂರಿನವರು ಖರ್ಚಿಲ್ಲದ್ದು ಬೇಕೆಂದು ಮೈಎಸ್‌ಕ್ಯೂಎಲ್ ಹಾಕಿಸಿದರು. ಪಿರಿಯಾಪಟ್ಟಣದವರಿಗೆ ಕಂಪ್ಯೂಟರು ಮಾರಿದವರೇ ಎಸ್‌ಕ್ಯೂಎಲ್ ಸರ್ವರ್ ಕೂರಿಸಿಕೊಟ್ಟಿದ್ದರು, ‘ಇರೋದನ್ನ ಬಿಟ್ಟು ಹೊಸದ್ಯಾಕೆ ಸಾ’ ಎಂದರು. ಕೆ.ಆರ್. ನಗರದ ಸೆಕ್ರೆಟರಿಯ ಮಗ ಒರಾಕಲ್ ಕೋರ್ಸು ಮಾಡಿದ್ದ. ಮಗ ಕಲಿತದ್ದು ವ್ಯರ್ಥವಾಗಬಾರದಲ್ಲ, ಅದರ ಪುಕ್ಕಟೆ ಆವೃತ್ತಿ ಬಂತು. ಕೋಟೆಯಲ್ಲಿ ಕರೆಂಟಿನದೇ ಭರವಸೆ ಇರಲಿಲ್ಲ, ಒಂದೇ ಒಂದು ಲ್ಯಾಪ್‌ಟಾಪು, ಅದಕ್ಕೆ ಎಸ್‌ಕ್ಯೂಲೈಟ್ ಸಾಕು ಅಂದೆ. ಭಾಷೆ ಒಂದೇ ತಾನೇ, ಒಮ್ಮೆ ಬರೆದದ್ದು ನಾಲ್ಕೂ ಕಡೆ ನಡೆಯುತ್ತದೆ ಎಂಬ ಧೈರ್ಯ ನನ್ನದು. ಮುಂದೆ ಆದದ್ದಕ್ಕೆಲ್ಲ ಈ ಧೈರ್ಯವೇ ಕಾರಣ. ಆ ಸಾಫ್ಟ್‌ವೇರುಗಳ ಕೈಪಿಡಿಯಲ್ಲಿ ಎಲ್ಲವನ್ನೂ ಬಿಡಿಸಿ ಬರೆದಿದ್ದರು, ನಾನು ಓದಿರಲಿಲ್ಲ.

ಮೊದಲ ಅವಮಾನ ಹೆಸರಿನದು. ನಮ್ಮಲ್ಲಿ ರಸೀತಿಯ ಮೇಲೆ ಬರೀ ಹೆಸರಿದ್ದರೆ ಸಾಲದು, ‘ಇಂಥವರು ಬಿನ್ ಇಂಥವರು’ ಎಂದು ಅಪ್ಪನ ಹೆಸರೂ ಬೇಕು. ಒಂದೇ ಊರಿನಲ್ಲಿ ಒಂದೇ ಹೆಸರಿನ ಎಂಟು ಜನರಿದ್ದರೆ ಅಪ್ಪನೇ ಗತಿ. ಮಾತುಗಳನ್ನು ಜೋಡಿಸಲು ಶುದ್ಧ ಎಸ್‌ಕ್ಯೂಎಲ್ಲಿನಲ್ಲಿ ಎರಡು ನೆಟ್ಟ ಗೀಟು ಹಾಕಬೇಕು. ಹಾಕಿದೆ. ಕೇರ್ನಗರದಲ್ಲಿ ಚೆನ್ನಾಗಿ ಬಂತು, ಕೋಟೆಯಲ್ಲೂ ಬಂತು. ಪಿರಿಯಾಪಟ್ಟಣದಲ್ಲಿ ‘ಈ ಗೀಟು ನನಗೆ ಗೊತ್ತಿಲ್ಲ’ ಎಂದು ಕಂಪ್ಯೂಟರು ಬೈದು ನಿಂತಿತು. ಹುಣಸೂರಿನಲ್ಲಿ ಮಾತ್ರ ಬೈಗಳೂ ಇಲ್ಲ, ಹೆಸರೂ ಇಲ್ಲ. ಮೈಎಸ್‌ಕ್ಯೂಎಲ್‌ನಲ್ಲಿ ಆ ಎರಡು ಗೀಟಿಗೆ ‘ಅಥವಾ’ ಎಂದು ಅರ್ಥ. ‘ಇವರು ಅಥವಾ ಬಿನ್ ಅಥವಾ ಇವರಪ್ಪ’ ಎಂದು ಓದಿಕೊಂಡು, ಇದರಲ್ಲಿ ಯಾವುದೂ ಸಂಖ್ಯೆಯಲ್ಲವೆಂದು ತೀರ್ಮಾನಿಸಿ, ಉತ್ತರ ಸೊನ್ನೆ ಎಂದಿತು. ನೂರಾರು ರಸೀತಿ ಅಚ್ಚಾಗಿ ಬಂದವು, ಎಲ್ಲದರ ಮೇಲೂ ಹೆಸರಿನ ಜಾಗದಲ್ಲಿ ದುಂಡನೆಯ 0. ನಮ್ಮ ಚಿಕ್ಕಪ್ಪನೂ ಅದೇ ಗುಂಪಿನ ಸದಸ್ಯರು. ರಸೀತಿ ಹಿಡಿದು ಮನೆಗೆ ಬಂದವರು, ‘ನಾನು ಸೊನ್ನೆ ಅಂತ ನಿಮ್ಮ ಚಿಕ್ಕಮ್ಮ ಮೂವತ್ತು ವರ್ಷದಿಂದ ಹೇಳ್ತಾವ್ಳೆ, ಕಂಪ್ಯೂಟ್ರಿಗೂ ಗೊತ್ತಾಗೋಯ್ತಾ?’ ಎಂದು ಕೇಳಿದರು.

ಇದರಿಂದ ಒಂದು ವಿಷಯ ತಲೆಗೆ ಹತ್ತಬೇಕಿತ್ತು, ಹತ್ತಲಿಲ್ಲ. ಬೈದ ಪಿರಿಯಾಪಟ್ಟಣವನ್ನು ಸರಿಮಾಡಲು ಹತ್ತು ನಿಮಿಷ ಸಾಕಾಯಿತು. ಸುಮ್ಮನಿದ್ದ ಹುಣಸೂರು ಒಂದು ರೀಮು ಕಾಗದ ತಿಂದಿತು. ದಾರಿ ಕೇಳಿದರೆ ‘ನಂಗೊತ್ತಿಲ್ಲ, ಹೋಗ್ರಿ’ ಎಂದು ಸಿಡುಕುವವನಿಂದ ನಷ್ಟವಿಲ್ಲ. ‘ಹಿಂಗೇ ಸೀದಾ ಹೋಗಿ ಬುದ್ಧಿ’ ಎಂದು ನಗುನಗುತ್ತಾ ನಾಗರಹೊಳೆ ಕಾಡಿನ ಕಡೆ ಕೈ ತೋರಿಸುವವನಿಂದ ದೇವರೇ ಕಾಪಾಡಬೇಕು.

ಎರಡನೆಯ ಪ್ರಸಂಗ ಹತ್ತು ಹೆಸರಿನ ಪಟ್ಟಿಯದು. ಕಂತು ಕಟ್ಟಿ ಬಹಳ ದಿನವಾದ ಹತ್ತು ಜನರ ಹೆಸರನ್ನು ಪ್ರತಿ ತಿಂಗಳೂ ಬೋರ್ಡಿಗೆ ಅಂಟಿಸಬೇಕೆಂದು ನಾಲ್ಕೂ ಗುಂಪಿನವರ ಬೇಡಿಕೆ. ‘ಬರೀ ಹತ್ತು ಜನ ಸಾಕು’ ಎಂದು ಹೇಳುವುದೇ ನಾಲ್ಕು ಕಡೆ ನಾಲ್ಕು ಬಗೆ. ಮದುವೆ ಛತ್ರದ ಪಂಕ್ತಿಯನ್ನು ನೆನೆಸಿಕೊಳ್ಳಿ. ಎಸ್‌ಕ್ಯೂಎಲ್ ಸರ್ವರ್‌ನವರು ಊಟಕ್ಕೆ ಕರೆಯುವಾಗಲೇ ‘ಮೊದಲ ಹತ್ತು ಜನ ಬನ್ನಿ’ ಎನ್ನುತ್ತಾರೆ, ಅದು ಟಾಪ್. ಮೈಎಸ್‌ಕ್ಯೂಎಲ್, ಎಸ್‌ಕ್ಯೂಲೈಟ್‌ನವರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಕೊನೆಗೆ ‘ಹತ್ತೇ ಎಲೆ’ ಎನ್ನುತ್ತಾರೆ, ಅದು ಲಿಮಿಟ್. ಹಳೆಯ ಒರಾಕಲ್ ಬಾಗಿಲಲ್ಲೇ ಟೋಕನ್ ಕೊಡುತ್ತದೆ; ಅದು ರೋನಮ್. ಟೋಕನ್ನಿನ ತೊಂದರೆ ಏನೆಂದರೆ, ಮೊದಲು ನುಗ್ಗಿದ ಹತ್ತು ಜನರನ್ನು ಒಳಗೆ ಬಿಟ್ಟು, ಆಮೇಲೆ ಅವರನ್ನಷ್ಟೇ ಹಿರಿತನದ ಪ್ರಕಾರ ಕೂರಿಸುತ್ತದೆ. ನಿಜವಾದ ಹಿರಿಯರು ಚಪ್ಪಲಿ ಬಿಡುತ್ತಾ ಹೊರಗೇ ಇರುತ್ತಾರೆ. 2008ರ ವ್ಯಾಕರಣದಲ್ಲಿ ಇದಕ್ಕೆಲ್ಲ ಒಂದೇ ಮಾತು ಗೊತ್ತುಮಾಡಿದರು, ‘ಫೆಚ್ ಫಸ್ಟ್’ ಎಂದು. ಒರಾಕಲ್ ಆಮೇಲೆ ಒಪ್ಪಿಕೊಂಡಿತು, ಮೈಎಸ್‌ಕ್ಯೂಎಲ್ ತನ್ನ ಲಿಮಿಟನ್ನೇ ಹಿಡಿದು ಕೂತಿದೆ.

ಹೇಗೋ ನಾಲ್ಕು ಕಡೆಗೂ ನಾಲ್ಕು ಬಗೆಯಲ್ಲಿ ಬರೆದೆ. ಪಟ್ಟಿ ಬಂತು. ಪಿರಿಯಾಪಟ್ಟಣದ ಪಟ್ಟಿಯಲ್ಲಿ ಮೊದಲ ಹೆಸರೇ ಅಧ್ಯಕ್ಷರದು! ಸಾಲ ತಗೊಂಡಂದಿನಿಂದ ಅವರು ಒಂದು ಪೈಸೆಯನ್ನೂ ಕಟ್ಟಿರಲಿಲ್ಲ, ಹಾಗಾಗಿ ದಿನಾಂಕದ ಜಾಗ ಖಾಲಿ. ಖಾಲಿಯನ್ನು ಎಲ್ಲಿ ಕೂರಿಸಬೇಕೆಂದು ನಾನು ಹೇಳಿರಲಿಲ್ಲ. ಎಸ್‌ಕ್ಯೂಎಲ್ ಸರ್ವರ್, ಮೈಎಸ್‌ಕ್ಯೂಎಲ್, ಎಸ್‌ಕ್ಯೂಲೈಟ್ ಮೂರೂ ಖಾಲಿಯನ್ನು ಎಲ್ಲಕ್ಕಿಂತ ಚಿಕ್ಕದೆಂದು ಮುಂದೆ ಕೂರಿಸುತ್ತವೆ. ಒರಾಕಲ್ಲೂ ನನ್ನ ಗಿರಾಕಿಗಳು ಯಾರೂ ಹಾಕಿಸದ ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸೂ ಎಲ್ಲಕ್ಕಿಂತ ದೊಡ್ಡದೆಂದು ಹಿಂದಕ್ಕೆ ಕಳಿಸುತ್ತವೆ. ಆದ್ದರಿಂದ ಕೇರ್ನಗರದ ಬೋರ್ಡಿನ ಮೇಲೆ ಆಗೊಂದು ಈಗೊಂದು ಕಂತು ಕಟ್ಟುವ ಬಡಪಾಯಿಗಳ ಹೆಸರು ಮಾತ್ರ ಬಂತು, ಏನೂ ಕಟ್ಟದ ಮಹನೀಯರೆಲ್ಲ ಕಣ್ಮರೆಯಾಗಿದ್ದರು. ಅಲ್ಲಿನ ಸೆಕ್ರೆಟರಿ ಫೋನು ಮಾಡಿ ‘ನಿಮ್ಮ ಪ್ರೋಗ್ರಾಂ ಬಾಳ ಚೆನ್ನಾಗದೆ ಸಾ’ ಎಂದು ಹೊಗಳಿದರು. ಪಿರಿಯಾಪಟ್ಟಣದ ಅಧ್ಯಕ್ಷರು ಮೂರು ತಿಂಗಳು ನನ್ನ ಬಿಲ್ಲು ಪಾಸು ಮಾಡಲಿಲ್ಲ. ಸರಿಯಾದ ಲೆಕ್ಕ ಬಂದ ಊರಿನಲ್ಲಿ ಬೈಗಳು, ತಪ್ಪು ಬಂದ ಊರಿನಲ್ಲಿ ಹೊಗಳಿಕೆ.

ಮದ್ದು ಇತ್ತು, ಸುಲಭದ್ದೇ. ಖಾಲಿ ಇದ್ದರೆ ಸೊನ್ನೆ, ಇಲ್ಲದಿದ್ದರೆ ಒಂದು ಎಂದು ‘ಕೇಸ್’ ಎಂಬ ಮಾತಿನಲ್ಲಿ ಬಿಡಿಸಿ ಬರೆದು, ಮೊದಲು ಆ ಸೊನ್ನೆ ಒಂದರ ಪ್ರಕಾರ, ಆಮೇಲೆ ದಿನಾಂಕದ ಪ್ರಕಾರ ಜೋಡಿಸು ಎಂದರೆ ನಾಲ್ಕೂ ಕಡೆ ಒಂದೇ ಸಾಲು ನಡೆಯುತ್ತದೆ. ಹತ್ತು ಜನರ ಪಂಕ್ತಿಯ ಗಲಾಟೆಯನ್ನೇ ಬಿಟ್ಟೆ. ಎಲ್ಲರನ್ನೂ ಸಾಲಾಗಿ ಕಳಿಸು ಎಂದು ಹೇಳಿ, ಹತ್ತನೆಯವರು ಬಂದಕೂಡಲೇ ಪ್ರೋಗ್ರಾಮಿನಲ್ಲಿ ನಾನೇ ಬಾಗಿಲು ಹಾಕಿಕೊಳ್ಳುತ್ತೇನೆ. ಜಾಣತನದ ಕೆಲಸವಲ್ಲ, ನಡೆಯುವ ಕೆಲಸ.

ಒರಾಕಲ್ಲಿನ ಇನ್ನೊಂದು ವೇದಾಂತ ಹೇಳದಿದ್ದರೆ ಮನಸ್ಸು ತಡೆಯದು. ಅದರ ಪ್ರಕಾರ ಖಾಲಿ ಬರಹವೂ ಬರಹವೇ ಇಲ್ಲದಿರುವುದೂ ಒಂದೇ. ಅಕ್ಕಿ ಡಬ್ಬಿ ಖಾಲಿಯಾಗಿದೆ ಎನ್ನುವುದಕ್ಕೂ ಮನೆಯಲ್ಲಿ ಡಬ್ಬಿಯೇ ಇಲ್ಲ ಎನ್ನುವುದಕ್ಕೂ ವ್ಯತ್ಯಾಸ ನಮ್ಮವ್ವನಿಗೆ ಗೊತ್ತು, ಮಿಕ್ಕ ಮೂರಕ್ಕೂ ಗೊತ್ತು. ‘ಫೋನ್ ನಂಬರಿನ ಜಾಗ ಖಾಲಿ ಇರುವವರನ್ನು ತೋರಿಸು’ ಎಂದು ಕೇಳಿದರೆ ಕೇರ್ನಗರದಲ್ಲಿ ಅಂಥವರು ಒಬ್ಬರೂ ಇಲ್ಲ ಎಂಬ ಉತ್ತರ. ಎಲ್ಲರ ಕೈಯಲ್ಲೂ ಫೋನಿದೆ ಎಂದು ನಂಬಿ ಸಭೆಯ ನೋಟೀಸನ್ನು ಮೆಸೇಜಿನಲ್ಲೇ ಕಳಿಸಿದರು. ಕೋರಂ ಆಗಲಿಲ್ಲ.

ಕನ್ನಡದ್ದು ಬೇರೆಯೇ ಅಧ್ಯಾಯ. ‘ಹುಣಸೂರು’ ಎಂಬಲ್ಲಿ ಎಷ್ಟು ಅಕ್ಷರ? ಒಂದನೇ ಕ್ಲಾಸಿನ ಮಗು ಬೆರಳು ಮಡಚಿ ನಾಲ್ಕು ಎನ್ನುತ್ತದೆ. ಯೂನಿಕೋಡಿನಲ್ಲಿ ಕೊಂಬು, ದೀರ್ಘಗಳನ್ನೆಲ್ಲ ಬೇರೆ ಬೇರೆ ಎಣಿಸುವುದರಿಂದ ಏಳು. ಒಂದೊಂದಕ್ಕೂ ಮೂರು ಬೈಟು ಜಾಗ, ಒಟ್ಟು 21. ಉದ್ದ ಎಷ್ಟೆಂದು ‘ಲೆಂಗ್ತ್’ ಎಂಬ ಒಂದೇ ಮಾತಿನಲ್ಲಿ ಕೇಳಿದರೆ ಪೋಸ್ಟ್‌ಗ್ರೆಸ್ 7 ಎನ್ನುತ್ತದೆ, ಮೈಎಸ್‌ಕ್ಯೂಎಲ್ 21 ಎನ್ನುತ್ತದೆ. ಮಗು ಹೇಳಿದ ನಾಲ್ಕನ್ನು ಯಾರೂ ಹೇಳುವುದಿಲ್ಲ. ತಾಲ್ಲೂಕಿನ ಹೆಸರಿಗೆ 20 ಸಾಕೆಂದು ನಾನು ಎಲ್ಲ ಕಡೆಯೂ ಜಾಗ ಬಿಟ್ಟಿದ್ದೆ. ಮೈಎಸ್‌ಕ್ಯೂಎಲ್‌ನಲ್ಲಿ ಅದು ಇಪ್ಪತ್ತು ಅಕ್ಷರ, ಒರಾಕಲ್‌ನಲ್ಲಿ ಬಿಡಿಸಿ ಹೇಳದಿದ್ದರೆ ಇಪ್ಪತ್ತು ಬೈಟು. ಒಂದೇ ಒಂದು ಬೈಟಿನಿಂದ ನಮ್ಮ ಹುಣಸೂರು ಹೊರಗುಳಿಯಿತು! ಆದರೂ ಅದರ ಮೇಲೆ ನನಗೆ ಸಿಟ್ಟಿಲ್ಲ. ‘ಬಂದದ್ದು 21, ಹಿಡಿಸುವುದು 20’ ಎಂದು ಬಾಯಿಬಿಟ್ಟು ಹೇಳಿತಲ್ಲ.

ಹೇಳದೆ ಕೊಂದದ್ದು ಪಿರಿಯಾಪಟ್ಟಣದ್ದು. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಕನ್ನಡ ಬರೆಯುವಾಗ ಉದ್ಧರಣ ಚಿಹ್ನೆಯ ಮುಂದೆ ಎನ್ ಎಂಬ ಅಕ್ಷರ ಹಾಕಬೇಕು. ನಾನು ಹಾಕಿರಲಿಲ್ಲ. ಅದು ಕನ್ನಡವನ್ನು ಒಂದೊಂದಾಗಿ ಪ್ರಶ್ನಾರ್ಥಕ ಚಿಹ್ನೆ ಮಾಡಿ ಮಡಗಿಕೊಂಡಿತು. ‘ಪಿರಿಯಾಪಟ್ಟಣ’ ಇರಬೇಕಾದ ಕಡೆ ಹನ್ನೊಂದು ಪ್ರಶ್ನೆಗಳು. ಬೆಟ್ಟದಪುರದ ಕಡೆಯ ಹಿರಿಯರೊಬ್ಬರು ರಸೀತಿ ತಿರುಗಿಸಿ ಮುರುಗಿಸಿ ನೋಡಿ, ‘ಇದೇನ್ ಸಾ, ನಮ್ಮ ತಾಲ್ಲೂಕು ಯಾವುದು ಅಂತ ನೀವೇ ನಮ್ಮನ್ನ ಕೇಳ್ತಾ ಇದೀರಿ?’ ಎಂದರು.

ಇಷ್ಟಾದರೂ ನನ್ನನ್ನು ನಿಜವಾಗಿ ನೀರು ಕುಡಿಸಿದ್ದು ಜಮೀನು. ನಮ್ಮಲ್ಲಿ 16 ಆಣೆಗೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಪಹಣಿಯಲ್ಲಿ ಎಕರೆ, ಗುಂಟೆ, ಆಣೆಯ ಮಧ್ಯೆ ಚುಕ್ಕೆ ಇಟ್ಟು ಬರೆಯುತ್ತಾರೆ. 2001ರ ಸುಮಾರಿಗೆ ತಾಲ್ಲೂಕು ಕಚೇರಿಯಲ್ಲಿ ‘ಭೂಮಿ’ ಕಂಪ್ಯೂಟರು ಬಂದು, 15 ರೂಪಾಯಿಗೆ ಅಚ್ಚಾದ ಪಹಣಿ ಕೈಗೆ ಸಿಗತೊಡಗಿದಾಗಲೂ ಚುಕ್ಕೆ ಹೋಗಲಿಲ್ಲ. ಈ ಕಡೆ ಗುಂಟೆ ಎಂದರೆ ಹುಡುಗಾಟವಲ್ಲ. ‘ಉಳುವವನೇ ಹೊಲದೊಡೆಯ’ ಎಂದು ಕಾನೂನು ತಂದ ದೇವರಾಜ ಅರಸರು ನಮ್ಮ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರು. ಆ ಕಾನೂನಿನಿಂದ ಹೆಸರಿಗೆ ಬಂದ ಎರಡೆಕರೆ, ಮೂವತ್ತು ಗುಂಟೆಯವರೇ ನಮ್ಮ ಗುಂಪುಗಳ ತುಂಬ. ನಮ್ಮ ಮನೆಯದೂ ಹಾಗೆಯೇ. ಎರಡು ಸರ್ವೆ ನಂಬರು: ಒಂದರಲ್ಲಿ 2 ಎಕರೆ 20 ಗುಂಟೆ, ಇನ್ನೊಂದರಲ್ಲಿ 30 ಗುಂಟೆ. ನಾನು ಚುಕ್ಕೆಯನ್ನು ದಶಮಾಂಶದ ಚುಕ್ಕೆ ಎಂದುಕೊಂಡು 2.20ಕ್ಕೆ 0.30 ಕೂಡಿಸಿ 2.50 ಬರೆಸಿದೆ. ಚಿಕ್ಕಪ್ಪ ನೋಡಿ, ‘ಎರಡೆಕ್ರೆ ಐವತ್ತು ಗುಂಟೆ ಅಂತ ಯಾವ ದೇಸದಲ್ಲಿ ಬರೀತಾರಪ್ಪಾ? ಮೂರೆಕ್ರೆ ಹತ್ತು ಗುಂಟೆ ಕಣಪ್ಪ ಅದು. ಎಂಜಿನಿಯರು ಓದಿ ಇಷ್ಟ್ ಗೊತ್ತಾಗಾಕಿಲ್ವಾ?’ ಎಂದರು.

ಗೊತ್ತಾಯಿತು. ಎಲ್ಲವನ್ನೂ ಗುಂಟೆಯಲ್ಲೇ ಇಟ್ಟೆ. ನಮ್ಮದು 130. ಎಕರೆ ಬೇಕೆಂದರೆ 40ರಿಂದ ಭಾಗಿಸು, ಅಷ್ಟೇ ತಾನೇ! ಹುಣಸೂರಿನಲ್ಲಿ 3.25 ಬಂತು, ಕೇರ್ನಗರದಲ್ಲೂ ಅಷ್ಟೇ. ಪಿರಿಯಾಪಟ್ಟಣದಲ್ಲಿ, ಕೋಟೆಯಲ್ಲಿ ಬರೀ 3. ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ಉತ್ತರವೂ ಪೂರ್ಣಾಂಕವೇ ಎಂದು ಎಸ್‌ಕ್ಯೂಎಲ್ ಸರ್ವರ್, ಎಸ್‌ಕ್ಯೂಲೈಟ್, ಪೋಸ್ಟ್‌ಗ್ರೆಸ್ ಮೂರೂ ನಂಬಿವೆ. ಚಿಲ್ಲರೆಯನ್ನು ಸದ್ದಿಲ್ಲದೆ ಕೈಬಿಡುತ್ತವೆ. ಎರಡು ತಾಲ್ಲೂಕಿನ ರೈತರು ರಾತ್ರಿ ಬೆಳಗಾಗುವುದರೊಳಗೆ ಗುಂಟೆಗಟ್ಟಲೆ ನೆಲ ಕಳೆದುಕೊಂಡರು. 30 ಗುಂಟೆಯ ಒಡೆಯನಿಗೆ 0 ಎಕರೆ. ‘ನಮ್ಮ ಗುಂಟೆ ಯಾರ್ ತಿಂದ್ರು?’ ಎಂದು ಕೋಟೆಯಲ್ಲಿ ಹತ್ತಾರು ಜನ ಸೆಕ್ರೆಟರಿಯ ಮನೆ ಮುಂದೆ ಕೂತರಂತೆ. ಆ ಮನುಷ್ಯ ಹೆದರಿ, ಗುಂಟೆಯ ಜಾಗದಲ್ಲಿ ಸಂಖ್ಯೆಯ ಬದಲು ‘ಮೂರೆಕರೆ ಚಿಲ್ಲರೆ’ ಎಂದು ಅಕ್ಷರದಲ್ಲೇ ಟೈಪು ಮಾಡಿದರು. ಒರಾಕಲ್ಲೋ ಎಸ್‌ಕ್ಯೂಎಲ್ ಸರ್ವರೋ ಆಗಿದ್ದರೆ ಅಲ್ಲೇ ತಡೆಯುತ್ತಿತ್ತು. ಎಸ್‌ಕ್ಯೂಲೈಟ್ ಬಂದವರಿಗೆಲ್ಲ ಮಣೆ ಹಾಕುವ ಮನೆ, ಸಂಖ್ಯೆಯ ಕಾಲಮ್ಮಿನಲ್ಲಿ ಅಕ್ಷರವನ್ನೂ ಕೂರಿಸಿಕೊಂಡು, ಕೂಡುವಾಗ ಅದನ್ನು ಸೊನ್ನೆ ಎಂದು ಎಣಿಸಿತು.

ಕೊನೆಗೆ ಗೆದ್ದದ್ದು ಒಂದು ಪೆದ್ದ ಸಾಲು. ಭಾಗಿಸಿದ ಮೇಲೆ ‘ಫ್ಲೋರ್’ ಎಂದು ಹೇಳಿ ಚಿಲ್ಲರೆಯನ್ನು ನಾವೇ ಉದುರಿಸಿಬಿಡುವುದು, ಆಗ ಎಲ್ಲ ಕಡೆಯೂ 3. ಆ ಮೂರನ್ನು 40ರಿಂದ ಗುಣಿಸಿ 130ರಲ್ಲಿ ಕಳೆಯುವುದು, ಎಲ್ಲ ಕಡೆಯೂ 10. ಶೇಷ ತೆಗೆಯಲು ಒಂದೊಂದರಲ್ಲೂ ಒಂದೊಂದು ಸೊಗಸಾದ ಉಪಾಯವಿದೆ. ಒರಾಕಲ್ಲಿನದು ಎಸ್‌ಕ್ಯೂಎಲ್ ಸರ್ವರ್‌ಗೆ ಗೊತ್ತಿಲ್ಲ, ಸರ್ವರಿನದು ಒರಾಕಲ್ಲಿಗೆ ಗೊತ್ತಿಲ್ಲ. ಗುಣಾಕಾರ, ವ್ಯವಕಲನ ಎಲ್ಲಕ್ಕೂ ಗೊತ್ತು. ಕೋಟೆಯ ಹಳೆಯ ಎಸ್‌ಕ್ಯೂಲೈಟಿಗೆ ಫ್ಲೋರ್ ಕೂಡ ಬರುತ್ತಿರಲಿಲ್ಲ, ಅದಕ್ಕೊಂದು ಹೊಸ ಆವೃತ್ತಿ ಹಾಕಿಕೊಟ್ಟೆ ಎಂಬುದನ್ನು ಮುಚ್ಚಿಡುವುದಿಲ್ಲ.

‘ನಾಲ್ಕೂ ಕಡೆ ಒಂದೇ ಹಾಕಿಸಿಬಿಡಪ್ಪಾ, ತಂಟೆಯೇ ಇಲ್ಲ’ ಎಂದು ಬೆಂಗಳೂರಿನ ಗೆಳೆಯರು ಬುದ್ಧಿ ಹೇಳುತ್ತಾರೆ. ನಾಲ್ಕು ಮನೆಯ ಬಸ್ಸಾರು ಒಂದೇ ರುಚಿ ಇರಲಿ ಎಂದಷ್ಟೇ ಸುಲಭ ಅದು. ಮಧ್ಯೆ ಒಬ್ಬ ದುಭಾಷಿಯನ್ನು ಇಟ್ಟುಕೊಳ್ಳುವ ಸಾಫ್ಟ್‌ವೇರುಗಳೂ ಇವೆ. ನಾವು ಒಂದು ಹೇಳಿದರೆ ಅವು ಆಯಾ ಭಾಷೆಗೆ ತಿರುಗಿಸಿ ಹೇಳುತ್ತವೆ. ಇಟ್ಟು ನೋಡಿದ್ದೇನೆ, ಒಳ್ಳೆಯ ಕೆಲಸಗಾರ. ಆದರೆ ದುಭಾಷಿ ತಪ್ಪಿದಾಗ ಅವನ ಭಾಷೆಯನ್ನೂ ಸೇರಿಸಿ ಐದು ಕಲಿಯಬೇಕಾಗುತ್ತದೆ.

ಹೀಗಾಗಿ ನನ್ನ ಮೇಜಿನ ಮೇಲೆ ಈಗಲೂ ನಾಲ್ಕೂ ಬಗೆಯ ಡೇಟಾಬೇಸು ತುಂಬಿದ ಒಂದು ಹಳೆಯ ಕಂಪ್ಯೂಟರಿದೆ. ಏನೇ ಹೊಸ ಸಾಲು ಬರೆದರೂ ಮೊದಲು ಅದರಲ್ಲಿ ನಾಲ್ಕು ಸಲ ಓಡಿಸಿ, ಬೈಗಳು ಬಂತೇ ಎಂದಲ್ಲ, ಉತ್ತರ ನಾಲ್ಕೂ ಒಂದೇ ಆಯಿತೇ ಎಂದು ನೋಡುತ್ತೇನೆ. ಈ ನಡುವೆ ಕೋಟೆಯಿಂದ ಸರಗೂರು, ಕೆ.ಆರ್. ನಗರದಿಂದ ಸಾಲಿಗ್ರಾಮ ಬೇರೆ ತಾಲ್ಲೂಕುಗಳಾಗಿವೆ. ಅಲ್ಲಿಯ ಗುಂಪಿನವರು ಯಾವ ಡೇಟಾಬೇಸು ಹಾಕಿಸುತ್ತಾರೋ ಎಂಬ ಭಯ ಬೇರೆ. ಪರೀಕ್ಷೆಗೆಂದು ಆ ಹಳೆಯ ಕಂಪ್ಯೂಟರಿನಲ್ಲಿ ಒಂದೇ ಒಂದು ಜಮೀನು ಇಟ್ಟಿದ್ದೇನೆ, 130 ಗುಂಟೆಯದು. ನಿನ್ನೆ ಸಂಜೆ ಓಡಿಸಿದಾಗಲೂ ನಾಲ್ಕೂ ಕಡೆ ಮೂರೆಕರೆ ಹತ್ತು ಗುಂಟೆ ಬಂತು. ಚಿಕ್ಕಪ್ಪ ಈ ಸಲ ಅದರಲ್ಲಿ ಎರಡೆಕರೆ ಶುಂಠಿ, ಮಿಕ್ಕಿದ್ದು ಮುಸುಕಿನ ಜೋಳ ಹಾಕಿದ್ದಾರೆ.